ನೀಲಿ ಡಬ್ಬಿಯ ಗುಂಡುಗಳು

ವಿನೋಬನಗರದ ನಮ್ಮ ಮನೆಗೆ ಮೊದಲ ಸಲ ಬಂದವರೆಲ್ಲ ಒಂದು ಪ್ರಶ್ನೆ ಕೇಳುತ್ತಾರೆ. ‘ಅಲ್ಲ ಸಾರ್, ದೇವರ ಕೋಣೆ ಯಾಕೆ ಹೀಗೆ ಒಂದು ಪಕ್ಕಕ್ಕೆ ಸರ್ಕೊಂಡು ಕೂತಿದೆ?’ ನಾನು ‘ವಾಸ್ತು’ ಎಂದುಬಿಡುತ್ತೇನೆ. ವಾಸ್ತು ಅಂದಮೇಲೆ ಮುಂದೆ ಯಾರೂ ಕೇಳುವುದಿಲ್ಲ, ಅದೊಂದು ಅನುಕೂಲ. ನಿಜ ಸಂಗತಿ ನಿಮಗೆ ಮಾತ್ರ ಹೇಳುತ್ತೇನೆ. ಮುಂಬಾಗಿಲ ಹೊಸ್ತಿಲಿನಿಂದ ಹಿತ್ತಿಲ ಕಾಂಪೌಂಡ್ ಗೋಡೆಯವರೆಗೆ ನನಗೆ ಹತ್ತು ಮೀಟರ್ ನೇರ ಜಾಗ ಬೇಕಿತ್ತು. ದೇವರ ಕೋಣೆ ನಡುವೆ ಬರುತ್ತಿತ್ತು. ಶಿವನನ್ನು ಎರಡೂವರೆ ಅಡಿ ಪಕ್ಕಕ್ಕೆ ಸರಿಸಿದೆ. ‘ಇದೆಂಥಾ ಮನೆ ಮಾರಾಯ್ರೇ, ರೈಲ್ವೆ ಪ್ಲಾಟ್‌ಫಾರಂ ಇದ್ದಂಗಿದೆ’ ಎಂದು ಮೇಸ್ತ್ರಿ ಗೊಣಗಿದ. ನನ್ನ ಹೆಂಡತಿ ಗಿರಿಜಾ ಎರಡು ದಿನ ಮಾತು ಬಿಟ್ಟಳು.

ಹತ್ತು ಮೀಟರ್ ಯಾಕೆಂದರೆ ಏರ್ ಪಿಸ್ತೂಲಿನ ಸ್ಪರ್ಧೆಗೆ ಅಷ್ಟೇ ದೂರ. ಹೊಡೆಯುತ್ತಿದ್ದವಳು ನಮ್ಮ ಒಬ್ಬಳೇ ಮಗಳು ವಿದ್ಯಾ. ಹೈಸ್ಕೂಲಿನಲ್ಲಿ ಎನ್‌ಸಿಸಿಗೆ ಸೇರಿ, ಕ್ಯಾಂಪಿನಲ್ಲಿ ಬಂದೂಕು ಮುಟ್ಟಿ, ‘ಅಪ್ಪಾಜಿ, ನಂಗೆ ಇದೇ ಬೇಕು’ ಎಂದು ಹಟ ಹಿಡಿದು ಕೂತಳು. ಉಳಿದ ಮಕ್ಕಳು ಸ್ಕೂಟಿ ಕೇಳುವ ವಯಸ್ಸಿನಲ್ಲಿ ಇವಳು ಪಿಸ್ತೂಲು ಕೇಳಿದಳು. ಕೊಡಿಸಿದೆ. ಲಿವರ್ ಎಳೆದು ಗಾಳಿ ತುಂಬಿ, ಒಂದೊಂದೇ ಸೀಸದ ಗುಂಡು ಹಾಕಿ ಹೊಡೆಯುವಂಥದ್ದು. ಆ ಗುಂಡಿಗೆ ಪೆಲೆಟ್ ಅನ್ನುತ್ತಾರೆ. ಹೆಸರುಬೇಳೆಗಿಂತ ಸ್ವಲ್ಪ ದೊಡ್ಡದು. ತಲೆ ಚಪ್ಪಟೆ, ಸೊಂಟ ಸಣ್ಣ, ಕೆಳಗೆ ಲಂಗ ಉಟ್ಟ ಹಾಗೆ ಅಗಲ.

ಬೆಳಿಗ್ಗೆ ಆರಕ್ಕೆ ಶುರುವಾಗುತ್ತಿತ್ತು ನೋಡಿ. ವಿದ್ಯಾ ಹೊಸ್ತಿಲಿನ ಮೇಲೆ ನಿಂತು ಬಲಗೈ ಚಾಚಿದಳೆಂದರೆ ಮನೆ ಎರಡು ಭಾಗವಾಗುತ್ತಿತ್ತು. ಅಡುಗೆಮನೆ ಆ ಕಡೆ, ಬಚ್ಚಲುಮನೆ ಈ ಕಡೆ. ನಡುವೆ ಹೋಗಬೇಕಾದವರು ಗೋಡೆಯ ಮರೆಯಲ್ಲೇ ನಿಂತು ‘ದಾಟ್ಲಾ?’ ಎಂದು ಕೂಗಬೇಕು. ವಿದ್ಯಾ ಪಿಸ್ತೂಲನ್ನು ಮೇಜಿನ ಮೇಲಿಟ್ಟು ‘ದಾಟಿ’ ಅನ್ನಬೇಕು. ಆಮೇಲೆ ದಾಟಬೇಕು. ಒಮ್ಮೆ ಗಿರಿಜಾಳ ತಮ್ಮ ಟವೆಲ್ ಸುತ್ತಿಕೊಂಡು ಕಾಲು ಗಂಟೆ ‘ದಾಟ್ಲಾ, ದಾಟ್ಲಾ’ ಎಂದು ಗೋಳಾಡಿದ. ಅಂದು ಅವಳು ಹತ್ತರ ಮೇಲೆ ಹತ್ತು ಅಂಕ ಹೊಡೆಯುತ್ತಿದ್ದಳು, ಕಿವಿಗೆ ಯಾವುದೂ ಬೀಳುತ್ತಿರಲಿಲ್ಲ. ಈಗ ವಿದ್ಯಾ ಪಿಸ್ತೂಲು ಕೆಳಗಿಟ್ಟು ಹತ್ತು ವರ್ಷವಾಯಿತು. ಆದರೂ ಗಿರಿಜಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಒಂದು ಕ್ಷಣ ನಿಲ್ಲುತ್ತಾಳೆ. ಕೇಳುವುದಿಲ್ಲ, ಸುಮ್ಮನೆ ನಿಂತು ಬರುತ್ತಾಳೆ.

ಮಗಳು ದೂರದೇಶಕ್ಕೇನೂ ಹೋಗಿಲ್ಲ. ಭದ್ರಾವತಿಯಲ್ಲಿ ಇದ್ದಾಳೆ. ಅಲ್ಲಿನ ಒಂದು ನರ್ಸಿಂಗ್ ಹೋಮಿನ ಔಷಧಿ ಅಂಗಡಿಯಲ್ಲಿ ಫಾರ್ಮಾಸಿಸ್ಟ್. ಅಳಿಯ ಸ್ಕೂಲ್ ಮೇಷ್ಟ್ರು, ಒಳ್ಳೆಯ ಹುಡುಗ. ನಮ್ಮ ಮನೆಯಿಂದ ಅವಳ ಮನೆಗೆ ಇಪ್ಪತ್ತು ಕಿಲೋಮೀಟರ್ ಇದ್ದರೆ ಹೆಚ್ಚು. ಹದಿನೈದು ದಿನಕ್ಕೊಮ್ಮೆ ಭಾನುವಾರ ಬರುವುದು ರೂಢಿ. ಬರುವಾಗ ಹಣ್ಣು ತರುತ್ತಾಳೆ. ‘ಚೆನ್ನಾಗಿದೀರಾ ಅಪ್ಪಾಜಿ, ಬಿ.ಪಿ. ಮಾತ್ರೆ ತಗೊಂಡ್ರಾ’ ಅನ್ನುತ್ತಾಳೆ, ಕಾಫಿ ಕುಡಿಯುತ್ತಾಳೆ, ಕುಡಿದ ಲೋಟ ತಾನೇ ತೊಳೆದಿಟ್ಟು ಹೊರಡುತ್ತಾಳೆ. ಮುಖದಲ್ಲಿ ನಗು ಇರುತ್ತದೆ. ಇದಕ್ಕಿಂತ ಇನ್ನೇನು ಬೇಕು ಅನ್ನುತ್ತೀರಿ. ನನಗೆ ಬೇಕಿತ್ತು. ಹೊಸ್ತಿಲಿನ ಮೇಲೆ ನಿಂತು ‘ಅಪ್ಪಾಜೀ, ಟಾರ್ಗೆಟ್ ಪೇಪರ್ ಸೊಟ್ಟ ಹಚ್ಚಿದೀರ!’ ಎಂದು ಬಯ್ಯುತ್ತಿದ್ದವಳು ಬೇಕಿತ್ತು.

ನಾನು ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಗೇಜ್ ರೂಮಿನಲ್ಲಿದ್ದವನು. ಗೇಜ್ ಅಂದರೆ ಅಳತೆಯ ಉಪಕರಣ. ಕಾರ್ಖಾನೆಯಲ್ಲಿ ಮಾಡಿದ ಸಾಮಾನು ಸರಿಯಾದ ಗಾತ್ರದಲ್ಲಿದೆಯೋ ಇಲ್ಲವೋ ನೋಡುವ ಗೇಜುಗಳನ್ನು ಕಾಯುವುದು, ತಿದ್ದುವುದು, ಅವಕ್ಕೆ ಧೂಳು ತಾಗದಂತೆ ಸೇವೆ ಮಾಡುವುದು ನನ್ನ ಕೆಲಸ. ಅಲ್ಲಿ ನನ್ನದೇ ಒಂದು ನಿಯಮವಿತ್ತು. ಗೇಜ್ ಕೈತಪ್ಪಿ ಕೆಳಗೆ ಬಿದ್ದರೆ, ಗೀರು ಕೂಡ ಕಾಣದಿದ್ದರೂ, ಅದಕ್ಕೆ ಕೆಂಪು ದಾರ ಕಟ್ಟಿ ಪಕ್ಕಕ್ಕಿಟ್ಟು ನನಗೆ ಹೇಳಬೇಕು. ಬೀಳಿಸಿದವನನ್ನು ನಾನು ಒಂದು ಮಾತೂ ಅನ್ನುತ್ತಿರಲಿಲ್ಲ. ಬೀಳಿಸಿ ಮುಚ್ಚಿಟ್ಟವನಿಗೆ ಮಾತ್ರ ಏಳು ಜನ್ಮಕ್ಕಾಗುವಷ್ಟು ಮಂಗಳಾರತಿ. ಪಕ್ಕದ ಶಾಪಿನ ಫಿಟ್ಟರ್ ಆರುಮುಗಂ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿ ಆನಂದಪಡುತ್ತಿದ್ದ. ‘ಸಾರ್‌ಗೆ ಮನುಷ್ಯ ಬಿದ್ರೆ ಪರವಾಗಿಲ್ಲ, ಗೇಜ್ ಬೀಳಂಗಿಲ್ಲ’ ಎಂದು ಕ್ಯಾಂಟೀನಿನಲ್ಲಿ ಸಾರುತ್ತಿದ್ದ.

ಇಂಥವನ ಕೈಗೆ ಪೆಲೆಟ್ ಡಬ್ಬಿ ಸಿಕ್ಕರೆ ಏನಾಗುತ್ತದೆ ನೀವೇ ಊಹಿಸಿ. ಒಂದೊಂದು ಪಿಸ್ತೂಲಿಗೆ ಒಂದೊಂದು ಪೆಲೆಟ್ ಒಗ್ಗುತ್ತದೆ ಎಂದು ಯಾರೋ ಹೇಳಿದರು. ತೂಕದಲ್ಲಿ, ತಲೆಯ ಗಾತ್ರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಗುಂಡು ಬೇರೆ ಕಡೆ ಹೋಗುತ್ತದಂತೆ. ನಾನು ಐದು ಬಗೆಯ ಡಬ್ಬಿ ತರಿಸಿದೆ. ಆರುಮುಗಂ ತನ್ನ ಮನೆಯ ವೈಸನ್ನು ಸ್ಕೂಟರಿನ ಮುಂದಿಟ್ಟುಕೊಂಡು ತಂದ. ಎರಡು ಕಬ್ಬಿಣದ ದವಡೆಯ ನಡುವೆ ಸಾಮಾನನ್ನು ಅಲುಗಾಡದಂತೆ ಹಿಡಿಯುವ ಆ ವೈಸನ್ನು ಮೇಜಿಗೆ ಬಿಗಿದು, ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ ಪಿಸ್ತೂಲನ್ನು ಕೂರಿಸಿದೆವು. ಮನುಷ್ಯನ ಕೈ ನಡುಗುತ್ತದೆ, ವೈಸ್ ನಡುಗುವುದಿಲ್ಲ. ಹಾಗಾಗಿ ವೈಸಿನಲ್ಲಿಟ್ಟು ಹೊಡೆದಾಗ ಗುಂಡು ಚೆಲ್ಲಾಪಿಲ್ಲಿಯಾದರೆ ತಪ್ಪು ಗುಂಡಿನದೇ. ಒಂದೊಂದು ಡಬ್ಬಿಯಿಂದ ಐದೈದು ಗುಂಡು, ಒಂದೊಂದು ಹೊಸ ಕಾಗದ. ಐದು ತೂತುಗಳು ಎಷ್ಟು ಒತ್ತಾಗಿ ಬಿದ್ದಿವೆ ಎಂದು ವರ್ನಿಯರ್‌ನಲ್ಲಿ ಅಳೆದು, ಕಾಗದದ ಹಿಂದೆ ಬರೆದು, ಫೈಲಿಗೆ ಹಾಕಿದೆ. ‘ಮಗಳ ಜಾತಕಕ್ಕೂ ಇಷ್ಟು ದಪ್ಪ ಫೈಲ್ ಇಲ್ಲ ಕಣ್ರೀ’ ಎಂದಳು ಗಿರಿಜಾ.

ಗೆದ್ದದ್ದು ನೀಲಿ ಡಬ್ಬಿ. ಅದಕ್ಕಿಂತ ಎರಡರಷ್ಟು ಬೆಲೆಯ ಚಿನ್ನದ ಬಣ್ಣದ ಡಬ್ಬಿಯ ಗುಂಡುಗಳು ಆ ಪಿಸ್ತೂಲಿಗೆ ಸೇರಲೇ ಇಲ್ಲ. ನೀಲಿ ಡಬ್ಬಿಯ ಐದು ಗುಂಡು ಮಾತ್ರ ಒಂದು ಕಡಲೆಕಾಳಿನಿಂದ ಮುಚ್ಚಬಹುದಾದ ತೂತಿನಲ್ಲಿ ಹೋಗಿದ್ದವು. ಅಂದಿನಿಂದ ವಿದ್ಯಾಗೆ ನೀಲಿ ಡಬ್ಬಿ ಖಾಯಂ. ಅವಳು ಕಾಲೇಜಿನಿಂದ ಬರುವ ಹೊತ್ತಿಗೆ ನಾನು ಕಾರ್ಖಾನೆಯಿಂದ ಬಂದು, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು, ಒಂದೊಂದೇ ಪೆಲೆಟ್ ಉರುಳಿಸಿ ನೋಡಿ, ಸೊಟ್ಟಗಿದ್ದದ್ದನ್ನು ತೆಗೆದು ಇಡುತ್ತಿದ್ದೆ. ಅಕ್ಕಿ ಆರಿಸುತ್ತಿದ್ದ ಗಿರಿಜಾ ಎದುರಿಗೆ ಕೂತಿರುತ್ತಿದ್ದಳು. ಅವಳ ಮೊರ ಅವಳದು, ನನ್ನ ತಟ್ಟೆ ನನ್ನದು. ಜೀವನದಲ್ಲಿ ಅದಕ್ಕಿಂತ ಸುಖವಾಗಿ ನಾನು ಕೂತಿದ್ದು ನೆನಪಿಲ್ಲ.

ಮಗಳಿಗೆ ನಾನು ಕಲಿಸಿದ್ದು ಒಂದೇ ಪಾಠ. ಗುಂಡಿನ ಮೇಲೆ ಗೂಬೆ ಕೂರಿಸಬೇಡ. ನಾನು ಅಳೆದು ಕೊಟ್ಟಮೇಲೆ ಗುಂಡಿನಲ್ಲಿ ತಪ್ಪಿರುವುದಿಲ್ಲ, ತಪ್ಪಿದ್ದರೆ ನಿನ್ನ ಕೈಯಲ್ಲಿ. ಅವಳು ಏನಾದರೂ ನೆಪ ತೆಗೆದರೆ ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎನ್ನುತ್ತಿದ್ದೆ. ಅವಳು ನಕ್ಕು ಮತ್ತೆ ಕೈ ಚಾಚುತ್ತಿದ್ದಳು.

ಈಗ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಇಷ್ಟು ಹೊತ್ತು ದೇವರ ಕೋಣೆ, ಟವೆಲ್ ಸುತ್ತಿಕೊಂಡ ಭಾವಮೈದುನ ಎಂದೆಲ್ಲ ಸುತ್ತುತ್ತಿದ್ದದ್ದು ಇದನ್ನು ಹೇಳಲಾರದೆ.

ರಾಜ್ಯ ತಂಡದ ಆಯ್ಕೆಯ ಹಿಂದಿನ ಸಂಜೆ. ಒಂದೇ ದಿನ ಕೊಂಡ ಎರಡು ನೀಲಿ ಡಬ್ಬಿಗಳಿದ್ದವು. ಒಂದನ್ನು ಒಡೆಯದೆ ಇಟ್ಟು, ಇನ್ನೊಂದರಿಂದ ಒಳ್ಳೆಯ ಗುಂಡುಗಳನ್ನು ಆರಿಸಿದ್ದೆ. ಆರಿಸಿದ ಆ ಡಬ್ಬಿಯನ್ನು ಅವಳ ಚೀಲಕ್ಕೆ ಹಾಕಲು ಎದ್ದಾಗ ಮೊಣಕೈ ಬಾಗಿಲಿಗೆ ತಾಗಿ ಡಬ್ಬಿ ಕೈಜಾರಿತು. ಗ್ರಾನೈಟ್ ನೆಲ. ಗುಂಡುಗಳೆಲ್ಲ ಚೆಲ್ಲಿ, ಸೋಫಾ ಕೆಳಗೆ, ಫ್ರಿಜ್ ಕೆಳಗೆ ಉರುಳಿದವು. ಗಿರಿಜಾ ದೇವಸ್ಥಾನಕ್ಕೆ ಹೋಗಿದ್ದಳು. ವಿದ್ಯಾ ಸ್ನಾನಕ್ಕೆ ಹೋಗಿದ್ದಳು, ಬಚ್ಚಲಿನಿಂದ ನೀರಿನ ಸದ್ದು ಬರುತ್ತಿತ್ತು. ನಾನು ಮಂಡಿಯೂರಿ, ಪೊರಕೆಯಲ್ಲಿ ಗುಡಿಸಿ, ಮೊರದಲ್ಲಿ ತುಂಬಿ, ಊದಿ, ಡಬ್ಬಿಗೆ ಸುರಿದು ಮುಚ್ಚಳ ಹಾಕಿದೆ. ಸೀಸ ಮೆತ್ತಗಿನ ಲೋಹ, ಬಿದ್ದರೆ ಆ ಲಂಗದ ಅಂಚು ನಗ್ಗುತ್ತದೆ ಎಂದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಬೀರುವಿನಲ್ಲಿ ಇನ್ನೊಂದು ಡಬ್ಬಿ ಇತ್ತಲ್ಲ, ಅದನ್ನು ಯಾಕೆ ಹಾಕಲಿಲ್ಲ? ಅದನ್ನು ಹಾಕಿದರೆ ‘ಆರಿಸಿದ್ದು ಎಲ್ಲಿ ಅಪ್ಪಾಜಿ’ ಎಂದು ಕೇಳುತ್ತಾಳೆ. ಬೀಳಿಸಿದೆ ಅನ್ನಬೇಕಾಗುತ್ತದೆ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಕೆಂಪು ದಾರ ಕಟ್ಟಿಸಿದ ನನಗೆ ನನ್ನ ಮಗಳ ಮುಂದೆ ‘ಕೈಜಾರಿತು’ ಎಂಬ ಒಂದು ಮಾತು ಹೇಳಲು ಬಾಯಿ ಬರಲಿಲ್ಲ.

ಮೂರು ಪಾಯಿಂಟಿನಲ್ಲಿ ತಪ್ಪಿತು ಅವಳಿಗೆ. ಮನೆಗೆ ಬಂದು ಶೂ ಕೂಡ ಬಿಚ್ಚದೆ ಹೇಳಿದಳು, ‘ಅಪ್ಪಾಜಿ, ಇವತ್ತು ಪೆಲೆಟ್ ಯಾಕೋ ಎಲ್ಲೆಲ್ಲೋ ಹೋಗ್ತಿತ್ತು.’ ನಾನು ಏನಂದೆ ಗೊತ್ತೇ? ಆ ಗಾದೆಯನ್ನೇ ಅಂದೆ. ಅಭ್ಯಾಸಬಲವೋ, ಭಯವೋ, ಅಂದುಬಿಟ್ಟೆ. ಅವಳು ಅಂದು ನಗಲಿಲ್ಲ. ಪಿಸ್ತೂಲನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟಳು. ನಾಳೆ ತೆಗೆಯುತ್ತಾಳೆ, ನಾಡಿದ್ದು ತೆಗೆಯುತ್ತಾಳೆ ಎಂದು ನಾನು ಕಾದೆ. ಪರೀಕ್ಷೆ ಬಂತು, ಓದು ಬಂತು, ಕೆಲಸ ಬಂತು, ಮದುವೆ ಬಂತು.

ಕಳೆದ ತಿಂಗಳು ಫೋನ್ ಮಾಡಿದಳು. ಅವರ ಬೀದಿಯ ಹುಡುಗಿಯೊಬ್ಬಳು ಶೂಟಿಂಗ್ ಕಲಿಯಬೇಕೆಂದಿದ್ದಾಳಂತೆ. ‘ಆ ಪಿಸ್ತೂಲು ಸುಮ್ನೆ ತುಕ್ಕು ಹಿಡಿಯುತ್ತೆ ಅಪ್ಪಾಜಿ. ಭಾನುವಾರ ಬಂದು ತಗೊಂಡು ಹೋಗ್ತೀನಿ, ಅವಳಿಗೆ ಕೊಟ್ಬಿಡೋಣ.’ ಹೂಂ ಅಂದೆ. ಫೋನ್ ಇಟ್ಟಮೇಲೆ ಕೂತಲ್ಲೇ ಕೂತೆ. ಪಿಸ್ತೂಲು ಹೋದರೆ ಮತ್ತೆ ತಿಳಿಯುವ ದಾರಿಯೇ ಇಲ್ಲ. ಆ ಮೂರು ಪಾಯಿಂಟ್ ಅವಳ ಕೈಯಿಂದ ಹೋಯಿತೋ, ನನ್ನ ಕೈಯಿಂದ ಹೋಯಿತೋ. ಬಿದ್ದ ಡಬ್ಬಿ ಅರ್ಧ ಉಳಿದಿತ್ತು, ಬೀರುವಿನ ಮೂಲೆಯಲ್ಲಿ. ಒಡೆಯದ ಡಬ್ಬಿಯೂ ಇತ್ತು. ಎರಡೂ ಒಂದೇ ವಯಸ್ಸಿನವು, ಒಂದೇ ಬೀರುವಿನಲ್ಲಿ ಇದ್ದವು. ಬಿದ್ದದ್ದು ಒಂದು, ಬೀಳದ್ದು ಒಂದು. ಇದಕ್ಕಿಂತ ಸ್ವಚ್ಛವಾದ ಪರೀಕ್ಷೆ ಗೇಜ್ ರೂಮಿನಲ್ಲೂ ಸಿಗುತ್ತಿರಲಿಲ್ಲ.

ಆರುಮುಗಂಗೆ ಫೋನ್ ಮಾಡಿದೆ. ಅದೇ ವೈಸನ್ನು ಈ ಸಲ ಆಟೋದಲ್ಲಿ ತಂದ, ಸೊಂಟ ಹಿಡಿದುಕೊಂಡೇ ಇಳಿದ. ‘ಏನ್ ಸಾರ್, ಈ ವಯಸ್ಸಲ್ಲಿ ಒಲಿಂಪಿಕ್ಸಾ?’ ಪಿಸ್ತೂಲಿನ ಸೀಲಿಗೆ ಒಂದು ಹನಿ ಎಣ್ಣೆ ಬಿಟ್ಟ, ನಾಲ್ಕು ಸಲ ಲಿವರ್ ಎಳೆದು ಕಿವಿ ಹಚ್ಚಿ ಕೇಳಿದ. ‘ಗಾಳಿ ನಿಲ್ತೈತೆ. ನಮಗಿಂತ ವಾಸಿ.’ ಸವಳಂಗ ರಸ್ತೆಯ ಅಂಗಡಿಯಿಂದ ದಪ್ಪ ರಟ್ಟು ತಂದು ಟಾರ್ಗೆಟ್ ಹಚ್ಚಿದೆ. ಗಿರಿಜಾ ಅಡುಗೆಮನೆಯಿಂದ ‘ದಾಟ್ಲಾ?’ ಎಂದಳು. ಆ ಮಾತು ಕೇಳಿ ಹತ್ತು ವರ್ಷವಾಗಿತ್ತು. ಆರುಮುಗನೇ ‘ದಾಟಿ ಅಮ್ಮಾ’ ಅಂದ.

ಮೊದಲು ಒಡೆಯದ ಡಬ್ಬಿಯ ಮುಚ್ಚಳ ತೆಗೆದೆವು. ಐದು ಗುಂಡು. ಮತ್ತದೇ ಕಡಲೆಕಾಳು. ಬಿದ್ದ ಡಬ್ಬಿಯಿಂದ ಐದು. ಮೂರು ಒಟ್ಟಿಗೆ, ಒಂದು ಎಡಕ್ಕೆ, ಒಂದು ಮೇಲಕ್ಕೆ ಬೆರಳಗಲ ದೂರ. ಗಾಳಿಯಿರಬಹುದು ಎಂದೆ. ‘ಒಂದ್ ಎಲೆ ಅಲ್ಲಾಡ್ತಿಲ್ಲ, ಏನ್ ಗಾಳಿ ಸಾರ್’ ಎಂದ ಆರುಮುಗಂ. ಮತ್ತೆ ಐದು ಹೊಡೆದೆ. ನಾಲ್ಕು ಒಟ್ಟಿಗೆ, ಒಂದು ಪರಾರಿ. ಮತ್ತೆ ಐದು. ಒಟ್ಟು ನಾಲ್ಕು ಕಾಗದ ಆಯಿತು. ಒಂದಾದರೂ ಕಾಗದ ನನ್ನ ಪರವಾಗಿ ಸಾಕ್ಷಿ ಹೇಳಲಿ ಎಂದು ಕಾಯುತ್ತಿದ್ದೆ. ಆರುಮುಗನಿಗೆ ನಾನು ಡಬ್ಬಿ ಬಿದ್ದ ಸಂಗತಿ ಹೇಳಿರಲಿಲ್ಲ. ಆದರೆ ನನ್ನ ಮುಖ ನೋಡಿ ಅವನಿಗೆ ಅರ್ಥವಾಗಿರಬೇಕು. ವೈಸಿನ ಹಿಡಿಯ ಮೇಲೆ ಕೈಯಿಟ್ಟು, ‘ಬುಡಿ ಸಾರ್. ಇಷ್ಟು ವರ್ಷ ಆಯ್ತು, ಆ ಸೀಸನೂ ಮರ್ತಿರುತ್ತೆ’ ಎಂದ. ಹೋಗುವಾಗ ವೈಸನ್ನು ಬಿಟ್ಟು ಹೋದ, ಸೊಂಟ ನೋವಿತ್ತಲ್ಲ.

ಹೇಳಬೇಕೋ ಬೇಡವೋ. ಶನಿವಾರ ಇಡೀ ದಿನ ಇದೇ ಆಯಿತು. ಹೇಳದಿದ್ದರೆ ಅವಳು ನಗುತ್ತಾ ಪಿಸ್ತೂಲು ತೆಗೆದುಕೊಂಡು ಹೋಗುತ್ತಾಳೆ, ಹದಿನೈದು ದಿನಕ್ಕೊಮ್ಮೆ ಹಣ್ಣು ಬರುತ್ತದೆ. ಹೇಳಿದರೆ ಅದೂ ನಿಲ್ಲಬಹುದು. ಇರುವುದು ಒಬ್ಬಳು ಮಗಳು. ಸುಮ್ಮನಿರು ಮಾರಾಯ ಎಂದು ನನಗೆ ನಾನೇ ನೂರು ಸಲ ಹೇಳಿಕೊಂಡೆ.

ಭಾನುವಾರ ಬಂದಳು. ಕಿತ್ತಳೆ ಹಣ್ಣು ತಂದಿದ್ದಳು. ಮೇಜಿನ ಮೇಲೆ ಬಿಗಿದಿದ್ದ ವೈಸ್ ನೋಡಿ ‘ಅಯ್ಯೋ, ಆರುಮುಗಂ ಮಾಮಂದು!’ ಎಂದು ಅದನ್ನು ಮುಟ್ಟಿದಳು. ನಾನು ಎರಡು ಕಾಗದ ಅವಳ ಮುಂದಿಟ್ಟೆ. ಮೊದಲನೆಯದನ್ನು ನೋಡಿ ‘ನೀಲಿ’ ಎಂದಳು, ಹೆಸರು ಓದದೆ. ಎರಡನೆಯದನ್ನು ಬೆಳಕಿಗೆ ಹಿಡಿದಳು. ‘ಇದ್ಯಾವ್ದು? ಬೇಡ ಅಪ್ಪಾಜಿ, ಆ ಹುಡುಗಿಗೆ ಇದನ್ನ ಕೊಡೋದು ಬೇಡ.’

‘ಅದೂ ನೀಲೀನೇ. ಬಿದ್ದಿತ್ತು.’

‘ಯಾವಾಗ?’

‘ನಿನ್ನ ಸೆಲೆಕ್ಷನ್ ಹಿಂದಿನ ದಿನ. ನನ್ನ ಕೈಯಿಂದ. ನೀನು ಸ್ನಾನ ಮಾಡ್ತಿದ್ದೆ. ಗುಡಿಸಿ ತುಂಬಿ ಕಳಿಸ್ದೆ.’

ಅವಳು ಕಾಗದದಿಂದ ಕಣ್ಣು ತೆಗೆಯಲಿಲ್ಲ. ಗಿರಿಜಾ ಕಾಫಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಿದ್ದಳು.

‘ನಾನು ಬಂದು ಹೇಳಿದ್ನಲ್ಲ ಅಪ್ಪಾಜಿ. ಪೆಲೆಟ್ ಸರಿಯಾಗಿ ಹೋಗ್ತಿಲ್ಲ ಅಂತ ಹೇಳಿದ್ನಲ್ಲ.’

‘ಹೇಳಿದ್ದೆ ಮಗಳೇ.’

‘ನೀವು ನನ್ನ ಕೈ ಅಂದ್ರಿ.’

‘ಅಂದೆ.’

‘ಬಿದ್ರೆ ಬೀಳ್ಳಿ. ಯಾರ ಕೈಯಿಂದ ಬೀಳಲ್ಲ? ನಂಗೆ ಒಂದ್ ಮಾತು ಹೇಳ್ಬೇಕಿತ್ತು ತಾನೆ?’ ದನಿ ಏರಿತು. ‘ನಾನು ಮಾತ್ರೆ ಎಣಿಸಿ ಕೊಡೋವಾಗ ಎರಡೆರಡು ಸಲ ಎಣಿಸ್ತೀನಿ. ಅಂಗಡೀಲಿ ಎಲ್ರೂ ನಗ್ತಾರೆ. ಯಾಕೆ ಗೊತ್ತಾ? ಈ ಕೈ ಮೇಲೆ ನಂಗೆ ನಂಬಿಕೆ ಇಲ್ಲ. ಒಂದಿನ ಅಲ್ಲ ಅಪ್ಪಾಜಿ, ಹತ್ತು ವರ್ಷ! ಹತ್ತು ವರ್ಷ ನಾನು ನನ್ನ ಕೈನೇ ಬೈಕೊಂಡು ಬಂದಿದೀನಿ!’

ಗಿರಿಜಾ ‘ವಿದ್ಯಾ…’ ಎಂದಳು. ‘ಅಮ್ಮ, ನೀನು ಸುಮ್ನಿರು’ ಎಂದಳು ಮಗಳು. ನಾನು ‘ತಪ್ಪಾಯ್ತು’ ಎಂದೆ. ಆ ಮಾತನ್ನು ನಾನು ಯಾರಿಗಾದರೂ ಅಂದದ್ದು ಎಷ್ಟು ವರ್ಷದ ಮೇಲೋ. ಅವಳು ಕಣ್ಣೊರೆಸಿಕೊಂಡು, ವೈಸಿನ ಹಿಡಿ ತಿರುಗಿಸಿ ಪಿಸ್ತೂಲು ಬಿಡಿಸಿಕೊಂಡಳು. ಹೊಸ್ತಿಲಿನ ಹತ್ತಿರ ಹೋಗಿ ಕೈ ಚಾಚಿದಳು. ಗುಂಡು ಹಾಕಲಿಲ್ಲ. ಸುಮ್ಮನೆ ಚಾಚಿ, ಹಿತ್ತಿಲ ಗೋಡೆಯ ಕಡೆ ನೋಡುತ್ತಾ ನಿಂತಳು. ಕೈ ಅಲುಗಲಿಲ್ಲ. ನಾನು ನೋಡುತ್ತಿದ್ದೆ, ಅವಳೂ ನೋಡಿಕೊಂಡಳು. ಆಮೇಲೆ ಪಿಸ್ತೂಲನ್ನು ಪೆಟ್ಟಿಗೆಗಿಟ್ಟು, ಬೀಳದ ನೀಲಿ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಎರಡನ್ನೂ ಹಿಡಿದುಕೊಂಡು ಹೊರಟಳು.

ಗೇಟಿನ ತನಕ ಹಿಂದೆ ಹೋದೆ. ‘ಆ ಹುಡುಗಿಗೆ ಕೊಡ್ತೀಯಾ?’ ಎಂದು ಕೇಳಿದೆ.

‘ಗೊತ್ತಿಲ್ಲ. ಈಗ ಏನೂ ಕೇಳ್ಬೇಡಿ. ನಂಗೆ ನಿಮ್ಮೇಲೆ ಸಿಟ್ಟು ಬಂದಿದೆ. ಇಳಿದ ಮೇಲೆ ಬರ್ತೀನಿ. ಎಷ್ಟು ದಿನ ಆಗುತ್ತೋ ಹೇಳಕ್ಕಾಗಲ್ಲ.’ ಗೇಟನ್ನು ದಢಾರನೆ ಹಾಕಿಕೊಂಡು ಹೋದಳು. ಒಳಗೆ ಬಂದರೆ ಮೇಜಿನ ಮೇಲೆ ಕಾಫಿ ಹಾಗೇ ಇತ್ತು, ಕೆನೆ ಕಟ್ಟಿತ್ತು.

ಮೂರು ಭಾನುವಾರ ಹೋದವು. ಬಂದಿಲ್ಲ. ಫೋನನ್ನೂ ತಾಯಿಗೆ ಮಾತ್ರ ಮಾಡುತ್ತಾಳೆ. ‘ನೀವು ಯಾಕೆ ಹೇಳಕ್ಕೆ ಹೋದ್ರಿ’ ಎಂದು ಗಿರಿಜಾ ದಿನಕ್ಕೊಮ್ಮೆ ಕೇಳುತ್ತಾಳೆ. ನನಗೆ ಊಟ ಸೇರುವುದಿಲ್ಲ. ವಿದ್ಯಾ ಬೇಕು ಅನಿಸುತ್ತದೆ, ತುಂಬ ಬೇಕು ಅನಿಸುತ್ತದೆ. ಆದರೂ ಒಂದು ವಿಷಯ ಗಿರಿಜಾಳಿಗೆ ಹೇಳಿದರೆ ಅವಳಿಗೆ ಅರ್ಥವಾಗುವುದಿಲ್ಲ, ನಿಮಗೆ ಆದೀತು. ಇಷ್ಟು ದಿನ ಈ ಮನೆಗೆ ಬಂದು ಹೋಗುತ್ತಿದ್ದವಳು ಒಬ್ಬ ಅತಿಥಿ. ನಗುತ್ತಾ ಬರುತ್ತಿದ್ದಳು, ಲೋಟ ತೊಳೆದಿಟ್ಟು ಹೋಗುತ್ತಿದ್ದಳು. ಅತಿಥಿಗಳು ಗೇಟು ದಢಾರನೆ ಹಾಕುವುದಿಲ್ಲ. ಅಂದು ಹಾಗೆ ಹಾಕಿಕೊಂಡು ಹೋದದ್ದು ನನ್ನ ಮಗಳು.